ಅತ್ತೆ ಸಾಯಿಸಿದ ಸೀತಮ್ಮ

ನಮ್ಮ ಸೋದರತ್ತೆ ಕಳ್ಳಿ. ಹೀಗಂದೆ ಅಂತ ಯಾರೂ ಹೋಗಿ ಅವರಿಗೆ ಚಾಡಿ ಹೇಳಬೇಕಾಗಿಲ್ಲ, ಅವರೇ ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ! ಕದಿಯೋದು ಒಡವೆ ವಸ್ತ್ರ ಅಲ್ಲ, ಕಥೆ. ತುಮಕೂರಿನಿಂದ ವಿಜಯವಾಡದ ತೆಲುಗು ಮನೆಗೆ ಸೊಸೆಯಾಗಿ ಹೋದವರು, ಅಲ್ಲಿ ಕೂತೇ ಕನ್ನಡ ಪತ್ರಿಕೆಗಳಿಗೆ ಬರೆಯುತ್ತಾರೆ. ಬೇರೆ ಕಥೆಗಾರರನ್ನು “ಕಥೆ ಎಲ್ಲಿ ಹುಟ್ಟುತ್ತೆ ಸಾರ್?” ಅಂತ ಕೇಳಿ ನೋಡಿ. ಕಣ್ಣು ಮುಚ್ಚಿಕೊಂಡು ಅಂತರಂಗ, ತಲ್ಲಣ ಅಂತ ಶುರು ಹಚ್ಚಿಕೊಳ್ಳುತ್ತಾರೆ. ನಮ್ಮತ್ತೆಯದು ಒಂದೇ ಉತ್ತರ: “ಪಕ್ಕದ ಸೀಟಲ್ಲಿ!”

ನಾನು ಬ್ಯಾಂಕಿನವಳು. ವಿಶಾಖಪಟ್ಟಣಕ್ಕೆ ವರ್ಗವಾದಾಗ “ಅತ್ತೆ ಹತ್ತಿರದಲ್ಲೇ ಇದಾಳೆ, ಚಿಂತೆಯಿಲ್ಲ” ಅಂತ ಅಪ್ಪ ನಿಟ್ಟುಸಿರು ಬಿಟ್ಟರು. ರೈಲಿನಲ್ಲಿ ಅರ್ಧ ದಿನದ ದಾರಿ ಅಪ್ಪನಿಗೆ ಹತ್ತಿರ! ಸರಿ, ರಜೆ ಸಿಕ್ಕಾಗೆಲ್ಲ ಹೋಗತೊಡಗಿದೆ.

ಮೊದಲನೇ ಸಲ ಹೋದಾಗ “ಬಾರೇ, ಸೀರೆ ತರೋಣ” ಅಂತ ಪಕ್ಕದ ನೇಕಾರರ ಊರು ಮಂಗಳಗಿರಿಗೆ ಕರೆದುಕೊಂಡು ಹೋದರು. ಅಂಗಡಿಯಲ್ಲಿ ಚಾಪೆ ಹಾಸಿ ಕೂರಿಸಿದರು. ಅತ್ತೆ ಕೂತಲ್ಲಿಂದ ಎದ್ದು, ಆ ಮೂಲೆಯಲ್ಲಿ ಪಿಸುಪಿಸು ಜಗಳವಾಡುತ್ತಿದ್ದ ಅತ್ತೆ-ಸೊಸೆಯ ಬೆನ್ನಿಗೆ ಬೆನ್ನು ತಾಗಿಸಿ ಕೂತರು. ಅಂಗಡಿಯವನು ಒಂದೊಂದೇ ಸೀರೆ ಬಿಚ್ಚಿದ. ನೀಲಿ, ಹಸಿರು, ಕೆಂಪಂಚು, ಜರಿಯಂಚು... ಅವನ ಮುಂದೆ ಒಂದು ಗುಡ್ಡವೇ ಎದ್ದಿತು. ಸೊಸೆ ಅಳುತ್ತಾ ಎದ್ದು ಹೋದಳು. ನಮ್ಮತ್ತೆಯೂ ಎದ್ದರು. “ಅಮ್ಮಾ, ಸೀರೆ?” ಅಂದ ಆ ಪುಣ್ಯಾತ್ಮ. “ಇವತ್ತಿಗೆ ಸಾಕಪ್ಪಾ” ಅಂದರು ಅತ್ತೆ, ಹೊಟ್ಟೆ ತುಂಬ ಉಂಡವರ ಹಾಗೆ!

ಕದ್ದು ಕೇಳೋದು ಈ ಕಸುಬಿನ ಮೊದಲ ಪಾಠವಂತೆ. ಎರಡನೆಯದು ಸುಳ್ಳು. ಒಮ್ಮೆ ಅತ್ತೆ ವಿಶಾಖಪಟ್ಟಣದ ನಮ್ಮನೆಗೆ ಬಂದು ವಾಪಸು ಹೊರಟಾಗ ನಾನೂ ಜತೆಗಿದ್ದೆ. ರೈಲು ಹತ್ತಿದ್ದೇ ತಡ, ಪಕ್ಕದ ಅಪರಿಚಿತ ಹೆಂಗಸಿಗೆ ತೆಲುಗಿನಲ್ಲಿ ಶುರು ಮಾಡಿದರು: “ಏನು ಹೇಳ್ಲಿ, ನಮ್ಮೆಜಮಾನರು ನನ್ನ ಜತೆ ಮಾತು ಬಿಟ್ಟು ವರ್ಷವಾಯ್ತು.” ಎಜಮಾನರು, ಅಂದರೆ ಸಾಧುಪ್ರಾಣಿ ನಮ್ಮ ಮಾವಯ್ಯ, ಎದುರು ಸೀಟಿನಲ್ಲೇ ಪೇಪರು ಓದುತ್ತಿದ್ದರು! “ಅಯ್ಯೋ ಪಾಪಂ!” ಅಂದಳು ಆಕೆ, ಮಾವಯ್ಯನನ್ನು ದುರುಗುಟ್ಟಿ ನೋಡಿ. ಅನಕಾಪಲ್ಲಿ ಸ್ಟೇಷನ್ ದಾಟುವಷ್ಟರಲ್ಲಿ ತನ್ನ ಗಂಡನ ಕಥೆ ತೆಗೆದಳು, ತುನಿ ಬರುವಷ್ಟರಲ್ಲಿ ಮೈದುನನದೂ ಆಯಿತು. ಆಮೇಲೆ ಡಬ್ಬಿ ಬಿಚ್ಚಿ ಸುತ್ತ ಕೂತವರಿಗೆಲ್ಲ ಪುಳಿಹೋರ ಹಂಚಿದಳು, ಮಾವಯ್ಯನೊಬ್ಬರನ್ನು ಬಿಟ್ಟು! ಅವರು ಪೇಪರು ಕೆಳಗಿಳಿಸಿ, ಹುಳಿಯನ್ನದ ವಾಸನೆ ಹೀರಿ, “ಈ ಸಲ ನಾನೇನು ಮಾಡಿದೀನಿ?” ಅಂತ ನನ್ನನ್ನು ಮೆಲ್ಲಗೆ ಕೇಳಿದರು. ಪಾಪ, ಅಭ್ಯಾಸವಾಗಿಹೋಗಿದೆ.

ಇಷ್ಟೇ ಆಗಿದ್ದರೆ ಸರಿ ಅನ್ನಬಹುದಿತ್ತು. ಕದ್ದ ಮಾಲಿನ ಮೇಲೆ ಮಾಲೀಕರ ಹೆಸರನ್ನೂ ಹಾಗೇ ಇಡೋದೇ? ಕಥೆಯಲ್ಲಿ ಎಲ್ಲರದೂ ಅಸಲಿ ಹೆಸರು! “ಹೆಸರು ಬದಲಾಯಿಸಿದ್ರೆ ಮುಖ ನೆನಪಾಗಲ್ಲ ಕಣೇ. ಈ ಊರಲ್ಲಿ ಕನ್ನಡ ಯಾರಿಗೆ ಬರತ್ತೆ?” ಅಂತ ಧೈರ್ಯ. ಅಲ್ಲ, ಎರಡು ಲಿಪಿಯೂ ಅಕ್ಕತಂಗಿಯರ ಹಾಗಿವೆ, ತಲೆಕಟ್ಟು ಒಂಚೂರು ಬೇರೆ ಅಷ್ಟೆ ಅನ್ನೋದು ಇಷ್ಟು ವರ್ಷ ಆಂಧ್ರದಲ್ಲಿದ್ದವರಿಗೆ ಗೊತ್ತಿರಬಾರದೇ?

ಸಿಕ್ಕಿಬಿದ್ದದ್ದು ಪಕ್ಕದ ಮನೆ ಸೀತಮ್ಮನ ಕೈಗೆ. ಆಕೆಗೆ ಕೆಲವು ತಿಂಗಳ ಹಿಂದೆ ಹೃದಯದ ಆಪರೇಷನ್ ಆಗಿತ್ತು, ನಮ್ಮ ವಿಶಾಖಪಟ್ಟಣದಲ್ಲೇ. ಜತೆಗೆ ಬಂದಿದ್ದ ಅತ್ತೆ ನಮ್ಮನೆಯಲ್ಲಿದ್ದುಕೊಂಡು ಆಸ್ಪತ್ರೆಗೆ ಓಡಾಡಿದ್ದರು. ಈಗ ಚೇತರಿಸಿಕೊಂಡ ಸೀತಮ್ಮ ಅತ್ತೆಯ ಮನೆಗೆ ಬಂದವರು, ಮೇಜಿನ ಮೇಲಿದ್ದ ಪತ್ರಿಕೆ ತೆಗೆದು ಅತ್ತೆಯ ಕಥೆಯನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು. ಸೀ-ತ-ಮ್ಮ. ಆಹಾ! ಮುಂದೆ? ಸ್ವ-ರ್ಗ-ಸ್ಥ!

ಅತ್ತೆ ಫೋನಿನಲ್ಲಿ ಅಳುತ್ತಾ ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. “‘ಸತ್ತಳು’ ಅಂತ ಬರೆದಿದ್ರೆ ಅವರಿಗೆ ಅರ್ಥವಾಗ್ತಿರಲಿಲ್ಲವಲ್ಲ ಅತ್ತೆ! ತೆಲುಗಿನಲ್ಲೂ ಇರೋ ಮಾತು, ‘ಸ್ವರ್ಗಸ್ಥಳಾದಳು’ ಅಂತ ಯಾಕೆ ಬರೆಯೋಕೆ ಹೋದ್ರಿ?”

“ಅವಳ ಮೇಲೆ ಗೌರವ ಇದೆ ಕಣೇ!”

ಸೀತಮ್ಮ ಮಾತು ಬಿಟ್ಟರು. ಅತ್ತೆಯ ಮುಖ ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅತ್ತೆ ಊಟ ಬಿಟ್ಟರು, ಬರೆಯೋದೂ ಬಿಟ್ಟರು. “ಅವಳು ಮಾತಾಡದಿದ್ರೆ ನನಗೆ ಈ ಊರೇ ಬೇಡ, ಬಂದು ಏನಾದ್ರೂ ಮಾಡೇ” ಅಂದರು. ಆ ದನಿ ಕೇಳಿ ನನ್ನ ನಗು ನಿಂತಿತು. ಶನಿವಾರವೇ ಹೊರಟೆ.

ನನ್ನನ್ನು ಮುಂದೆ ಮಾಡಿಕೊಂಡು ಅತ್ತೆ ಪಕ್ಕದ ಮನೆಗೆ ಹೋದರು. ಸೀತಮ್ಮ ನನ್ನನ್ನು ಕೂರಿಸಿದರು, ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ. “ಎದೆ ಕೊಯ್ಸಿಕೊಂಡು ಬದುಕಿ ಬಂದಿದೀನಮ್ಮಾ. ಇವಳಿಗೇನು ಅಷ್ಟು ಅವಸರ? ನನ್ನನ್ನ ಸಾಯ್ಸಿ ಏನು ಸಂಪಾದಿಸಿದಳು?”

“ವದಿನಾ, ನಾನೇ ಓದಿ ಹೇಳ್ತೀನಿ...” ಅತ್ತೆ ಬಾಯಿ ತೆರೆದರು. ಪಕ್ಕದ ಮನೆಯವರನ್ನು ಅಲ್ಲಿ ಹಾಗೆ ಅತ್ತಿಗೆ ಅಂತಲೇ ಕರೆಯೋದು.

“ನೀನು ಬೇಡ! ಓದ್ತಾ ಓದ್ತಾ ಕಥೆ ಬದಲಾಯಿಸಿಬಿಡ್ತೀಯ. ಈ ಹುಡುಗಿ ಓದಲಿ.”

ನನ್ನ ತೆಲುಗೋ ಬ್ಯಾಂಕ್ ಕೌಂಟರಿನ ತೆಲುಗು. ಅದರಲ್ಲಿ ಸಾವು ಅಂದರೆ ನಾಮಿನಿ ಫಾರಂ ಅಷ್ಟೆ! ಬೆವರೊರೆಸಿಕೊಂಡು ಓದಿದೆ, ತಡವರಿಸಿ ತಡವರಿಸಿ ತೆಲುಗಿಗೆ ತಂದೆ. ಕಥೆಯಲ್ಲಿ ಸೀತಮ್ಮ ಸತ್ತಿದ್ದಾರೆ. ಪಕ್ಕದ ಮನೆಯಲ್ಲೊಬ್ಬ ಕನ್ನಡದ ಹೆಂಗಸು. ಮದುವೆಯಾಗಿ ಬಂದಾಗ ಒಂದಕ್ಷರ ತೆಲುಗು ಗೊತ್ತಿರಲಿಲ್ಲ. ಕಾಂಪೌಂಡ್ ಗೋಡೆಯಾಚೆ ನಿಂತು ಉಪ್ಪು ಇದು, ನೀರು ಇದು, ಅಳಬೇಡ ಅನ್ನೋದು ಹೀಗೆ ಅಂತ ಒಂದೊಂದೇ ಮಾತು ಕಲಿಸಿದವಳು ಸೀತಮ್ಮ. ಈಗ ತರಕಾರಿಯವನು ಏನು ಬೇಕಮ್ಮಾ ಅಂತಾನೆ. ಆ ಹೆಂಗಸು ಸುಮ್ಮನೆ ನಿಂತಿದ್ದಾಳೆ. ಸೀತಮ್ಮ ಹೋದ ದಿನವೇ ಅವಳಿಗೆ ತೆಲುಗು ಮರೆತುಹೋಗಿದೆ.

ಕಥೆ ಅಲ್ಲಿಗೆ ಮುಗಿದಿತ್ತು. ತಲೆಯೆತ್ತಲು ನನಗೇ ಆಗಲಿಲ್ಲ.

“ಇದನ್ನ ಯಾರ ಹತ್ರ ಕದ್ದೆ?” ಅಂದರು ಸೀತಮ್ಮ. ಅಷ್ಟು ದಿನಗಳ ಮೇಲೆ ಅತ್ತೆಯ ಜತೆ ಆಡಿದ ಮೊದಲ ಮಾತು.

ಯಾವುದಕ್ಕೂ ತಡವರಿಸದ ನಮ್ಮತ್ತೆ ತಡವರಿಸಿದರು. “ಯಾರ ಹತ್ರಾನೂ ಅಲ್ಲ. ಆಪರೇಷನ್ನಿಗೆ ಅಂತ ನಿನ್ನ ಒಳಗೆ ಕರ್ಕೊಂಡು ಹೋಗಿ ಬಾಗಿಲು ಹಾಕಿದರಲ್ಲ, ಆಗ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ತುಂಬಾ ಹೆದರಿಕೆ ಆಯ್ತು ವದಿನಾ.”

ಸೀತಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು, ಮಂಚದ ಮೇಲೆ ಸರಿದು ಅತ್ತೆಗೆ ಜಾಗ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿದರು. “ಇನ್ನೊಂದ್ಸಲ ಓದಮ್ಮಾ. ನಾನು ಸತ್ತ ಜಾಗದಿಂದ.”

ಓದಿದೆ. ಮುಗಿಯುವವರೆಗೂ ಅತ್ತೆ ಆಕೆಯ ಕೈ ಬಿಡಲಿಲ್ಲ.