ಎರಡು ಕುಲಾವಿ, ಒಂದು ಸೋಲು

ಚರ್ಚಾಸ್ಪರ್ಧೆಗಳಲ್ಲಿ ಏಳು ಪಾರಿತೋಷಕ ಗೆದ್ದವಳಿಗೆ ಮೂರು ತಿಂಗಳ ಮಗುವೊಂದರ ವಾದ ಅರ್ಥವಾಗದೇ? ಅಳು ಎಂದರೆ ಒಂದು ಹೇಳಿಕೆ. ಹೇಳಿಕೆಗೊಂದು ಕಾರಣವಿರುತ್ತದೆ. ಕಾರಣವನ್ನು ತರ್ಕದಿಂದ ಹಿಡಿಯಬಹುದು. ಹೀಗೆಂದು ಅತ್ತೆಯ ಮುಂದೆ ವಿಷಯ ಮಂಡಿಸಿದೆ.

ಸಾಗರದ ತವರಿನಲ್ಲಿ ಬಾಣಂತನ ಮುಗಿಸಿ, ಮಗಳು ಸಿರಿಯನ್ನು ಎತ್ತಿಕೊಂಡು ಹೊಸನಗರದ ಗಂಡನ ಮನೆಗೆ ಬಂದ ದಿನವದು. ಏಪ್ರಿಲ್ ಸೆಕೆ. ಮಗು ಅತ್ತರೆ ದೃಷ್ಟಿ ತೆಗೆಯಲೆಂದು ಅತ್ತೆ ಉಪ್ಪು, ಒಣಮೆಣಸು ಎತ್ತಿಟ್ಟಿದ್ದರು.

"ಅವಳು ಯಾಕೆ ಅಳ್ತಾಳೆ ಅಂತ ನಾನು ಹೇಳ್ತೀನಿ ಅತ್ತೆ. ಹೇಳಕ್ಕಾಗ್ಲಿಲ್ಲ ಅಂದ್ರೆ ಮಾತ್ರ ನಿಮ್ಮ ಮೆಣಸು!"

"ಆಯ್ತು ಮಾರಾಯ್ತಿ," ಎಂದರು ಅತ್ತೆ. ಅಷ್ಟೇ. ಎದುರಾಳಿ ದುರ್ಬಲ ಎಂದುಕೊಂಡೆ!

ಅಷ್ಟರಲ್ಲಿ ತೀರ್ಥಹಳ್ಳಿಯ ನೆಂಟರು ಮಗು ನೋಡಲು ಒಂದು ಜೀಪು ತುಂಬ ಬಂದಿಳಿದರು. ಅಮ್ಮ ಹೆಣೆದ ಹಳದಿ ಕುಲಾವಿ ಹಾಕಲೋ, ಅತ್ತೆ ಹೆಣೆದ ಕೆಂಪು ಕುಲಾವಿಯೋ? ಒಂದು ಹಾಕಿದರೆ ಇನ್ನೊಂದು ಪಕ್ಷಕ್ಕೆ ಅನ್ಯಾಯ. ನಿಷ್ಪಕ್ಷಪಾತಿಯಾದ ನಾನು ಎರಡೂ ಹಾಕಿದೆ. ಒಂದರ ಮೇಲೊಂದು!

ಸಿರಿ ಕಿರುಚಿದಳು.

"ಹಸಿವು," ಎಂದು ತೀರ್ಪಿತ್ತೆ. ಹಾಲು ಕುಡಿಯಲಿಲ್ಲ. "ಹೊಟ್ಟೆಯಲ್ಲಿ ವಾಯು." ಬೆನ್ನು ತಟ್ಟಿದೆ, ದನಿ ಏರಿತು. ಒದ್ದೆಯೇ ಎಂದು ನೋಡಿದರೆ ಬಟ್ಟೆ ಗರಿಗರಿ.

"ಸೆಕೆಗಿರ್ಬೋದೇನೋ..." ಎಂದರು ಒಬ್ಬ ನೆಂಟರು.

"ಆಧಾರ?" ಎಂದೆ.

"ಒಂಚೂರು ಮಗು ಮುಖ ನೋಡೇ," ಎಂದ ಗಂಡ ಪ್ರದೀಪ.

"ಸುಮ್ನಿರಿ, ಯೋಚ್ನೆ ಮಾಡ್ತಿದೀನಿ!"

ಸುಳ್ಳು. ಯೋಚನೆ ಯಾವಾಗಲೋ ನಿಂತುಹೋಗಿತ್ತು. ಅತ್ತೆಯ ಮುಖ, ನೆಂಟರ ಮುಖ ಎಲ್ಲವೂ ಕಾಣುತ್ತಿದ್ದವು. ಸಿರಿಯ ಕೆಂಪೇರಿದ ಮುಖವೊಂದೇ ಕಂಡಿರಲಿಲ್ಲ. ತವರಿನಲ್ಲಿ ಇವಳು ಮೂಗುಜ್ಜಿದರೆ ಸಾಕು, ನಿದ್ದೆ ಎಂದು ತಿಳಿಯುತ್ತಿದ್ದವಳೂ ನಾನೇ!

ಅತ್ತೆ ಎದ್ದು ಬಂದು ಕೆಂಪು ಕುಲಾವಿ ತೆಗೆದರು. ಹಳದಿಯದನ್ನೂ ತೆಗೆದರು. ಬೆವರಿದ ಪುಟ್ಟ ತಲೆಗೆ ಸೆರಗಿನಿಂದ ಗಾಳಿ ಹಾಕಿದರು. ಅಳು ನಿಂತಿತು!

"ಸೋತೆ ಅತ್ತೆ. ದೃಷ್ಟಿ ತೆಗೀರಿ," ಎಂದು ಮಗುವನ್ನು ಮುಂದೆ ಹಿಡಿದೆ.

"ಅದಕ್ಕೆಂತ ಆಗಿದೆ? ಸೆಕೆ ಆಗಿತ್ತು ಅಷ್ಟೇ. ನೀನು ಕೂತ್ಕೊ ಇಲ್ಲಿ. ಬೆಳಿಗ್ಗೆಯಿಂದ ಒಂದು ಲೋಟ ನೀರು ಕುಡಿದ್ಯಾ?"

ಉಪ್ಪು-ಮೆಣಸು ನನ್ನ ತಲೆಯ ಸುತ್ತ ಮೂರು ಸುತ್ತು ಬಂತು. ಇದರಿಂದ ಏನೂ ಆಗದು ಎನ್ನಲು ನನ್ನ ಬಳಿ ನಾಲ್ಕು ಗಟ್ಟಿ ಕಾರಣಗಳಿದ್ದವು. ಒಂದನ್ನೂ ಹೇಳಲಿಲ್ಲ.

ತನ್ನಮ್ಮ ಇಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದನ್ನು ಸಿರಿ ಹುಟ್ಟಿದ ಮೇಲೆ ಮೊದಲ ಸಲ ನೋಡಿದಳು. ಬೊಚ್ಚುಬಾಯಿ ಬಿಟ್ಟು ನಕ್ಕಳು.

ಆ ನಗು ಯಾಕೆಂದು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ!