ತೂತಿಲ್ಲದ ಹರವಿ

ನಮ್ಮ ಮಾವನವರು ಹೋರಿಯ ಹಿಂದೆ ತಿರುಗಿದಷ್ಟು ನೇಸರಗಿಯ ಆಕಳುಗಳೂ ತಿರುಗಿರಲಿಕ್ಕಿಲ್ಲ! ನಗಬೇಡಿ ಮಕ್ಕಳೇ, ಬರೆಯಲು ನನಗೇ ನಾಚಿಕೆ. ಆದರೆ ಮೊನ್ನೆ ನಿಮ್ಮ ಪಾಠದಲ್ಲಿ, ಗಂಡಿನ ಬೀಜದಲ್ಲಿ ಹುಟ್ಟುವ ಹಾರ್ಮೋನು ಜೀವಕೋಶಗಳ ಪದರ ದಾಟಿ ರಕ್ತ ಸೇರುತ್ತದೆ ಎಂದು ಓದಿದಿರಲ್ಲ? ನಿಮ್ಮ ಮುತ್ತಜ್ಜ ಅದನ್ನೇ ಒಂದು ಹೋರಿ, ನೀರು ತುಂಬಿಡುವ ಒಂದು ಮಣ್ಣಿನ ಹರವಿ ಇಟ್ಟುಕೊಂಡು ಹೇಳಿದ್ದರು. ಊರು ಹುಚ್ಚ ಎಂದಿತು. ಇನ್ನೇನು ಅಂದೀತು?

ಜರ್ಮನ್ ಯುದ್ಧಕ್ಕೂ ಮುಂಚಿನ ಮಾತು. ಅತ್ತೆಯವರು ಬೀಸುವಾಗ ನನಗೆ ಹೇಳಿದ್ದು. ಆಗ ಅವರಿಗೆ ಮಕ್ಕಳಿರಲಿಲ್ಲ. ಮಾವನವರಿಗೆ ಎರಡನೆಯ ಹೆಣ್ಣು ತರುವ ಮಾತು ನಡೆದಿತ್ತು. ಮಾವನವರೋ ಕೊಟ್ಟಿಗೆಯಲ್ಲಿ!

ಮನೆಯ ಕರಿ ಹೋರಿಯನ್ನು ಎತ್ತು ಮಾಡಲು ಬೀಜದ ನಾಳ ಹಿಚುಕಿಸಿದ್ದರು. ಹಿಚುಕಿದವನ ಕೈ ಅರ್ಧಂಬರ್ಧ ಬಿದ್ದಿತೇನೋ, ಹೋರಿ ಗುಟುರು ಹಾಕುವುದನ್ನು ನಿಲ್ಲಿಸಲಿಲ್ಲ, ಹೆಗಲ ಮೇಲಿನ ಇಣಿ ಇಳಿಯಲಿಲ್ಲ. ಊರ ಆಕಳುಗಳನ್ನೆಲ್ಲ ಅಟ್ಟಿಸಿಕೊಂಡು ಹೋಯಿತು, ಒಂದೂ ಗಬ್ಬವಾಗಲಿಲ್ಲ!

"ಹೇಣ್ತಿ ಮಾರಿ ನೋಡೂದು ಬಿಟ್ಟು ಹೋರಿ ಹಿಂದ ನೋಡ್ಕೋಂತ ಕುಂತೀರಲ್ಲ!" ಎಂದು ಅತ್ತೆಯವರು ಗದರಿದರಂತೆ.

"ತಡೀ, ನಾಳ ಕಟ್ಟೇತಿ. ಹಂಗಾರ ಇದರ ಗಂಡಸ್ತನ ಎಲ್ಲಿಂದ ಬರಾಕತ್ತೈತಿ?"

ಉತ್ತರ ಸಿಕ್ಕಿದ್ದು ನೀರು ಕುಡಿಯಲು ಹೋದಾಗ. ಹರವಿ ಮುಟ್ಟಿದ ಅಂಗೈ ಒದ್ದೆಯಾಗಿತ್ತು.

"ತೂತಿಲ್ಲ, ನೀರು ಹೊರಗ! ಬೀಜಕ್ಕ ಎರಡು ಕೆಲಸ ನೋಡು. ಒಂದು ನಾಳದಾಗ ಹೊಕ್ಕೈತಿ, ಇನ್ನೊಂದು ಗ್ವಾಡಿ ಜಿನುಗಿ ನೆತ್ತರ ಕೂಡತೈತಿ!"

ಅಲ್ಲಿಂದ ಅವರಿಗೆ ಹರವಿಯ ಹುಚ್ಚು. ಬೈಲಹೊಂಗಲದ ಸಂತೆಯಲ್ಲಿ ಒಂದೊಂದಕ್ಕೂ ನೀರು ತುಂಬಿ ಮುಂದೆ ಕುಳಿತುಬಿಟ್ಟರು.

"ಯಪ್ಪಾ, ಹರವಿ ಒಯ್ತೀಯೋ, ಇಲ್ಲೇ ಸಂಸಾರ ಹೂಡ್ತೀಯೋ?" ಎಂದಳು ಕುಂಬಾರಗಿತ್ತಿ.

"ಬೆವರತೈತೋ ಇಲ್ಲೋ ನೋಡಬೇಕವ್ವಾ."

"ಬಿಸಲಾಗ ನಾ ಬೆವರಾಕತ್ತೇನಿ, ನನ್ನ ಒಯ್ದಿ ಮತ್ತ!"

ಅಷ್ಟರಲ್ಲಿ ಮುರಗೋಡದಿಂದ ಮಾವನವರ ಅಕ್ಕ ನೆಂಟರನ್ನು ಕಟ್ಟಿಕೊಂಡು ಬಂದಿಳಿದರು. ಹೆಣ್ಣು ಗೊತ್ತುಮಾಡಿಯೇ ಬಂದಿದ್ದರು!

"ಇಂಥಾ ಮೀಸಿ, ಇಂಥಾ ದನಿ! ನಿನಗ ಮಕ್ಕಳಾಗಲಿಲ್ಲಂದ್ರ ತಪ್ಪು ಯಾರದು, ತಮ್ಮಾ?"

ಬಾಗಿಲ ಹಿಂದೆ ಅತ್ತೆಯವರು ನಿಂತಿದ್ದರು. ಮಾವನವರು ಎಲ್ಲರನ್ನೂ ಕೊಟ್ಟಿಗೆಗೆ ಕರೆದೊಯ್ದರು.

"ಹೋರಿ ದನಿ ಹೆಂಗೈತಿ?"

"ಹುಲಿ ಹಂಗ."

"ಇಣಿ?"

"ಗುಡ್ಡ!"

"ಇದಕ್ಕ ಹುಟ್ಟಿದ ಕರ ಎಷ್ಟು?"

ಒಂದೂ ಇಲ್ಲ ಎಂದು ತಾವೇ ಹೇಳಿದರು.

ಮಾವನವರು ತಮ್ಮ ಮೀಸೆ ಹಿಡಿದು ತೋರಿಸಿದರು. "ಇದೂ ಗ್ವಾಡಿ ಜಿನುಗಿ ಬಂದದ್ದ. ಕಟ್ಟಿದ ನಾಳ ನಂದ ಇರಬೇಕು. ಅಕಿ ತಪ್ಪೇನಿಲ್ಲ. ಇನ್ನೊಬ್ಬಾಕಿನ್ನ ತಂದು ಅಕಿನ್ನೂ ಬಂಜಿ ಅಂತೀರೇನು?"

"ಇವಗ ಹುಚ್ಚ ಹಿಡದೈತಿ!" ಎಂದು ಅಕ್ಕ ಉಣ್ಣದೆ ಗಾಡಿ ಹತ್ತಿದರು. ಮಾಡಿಟ್ಟ ಹೋಳಿಗೆ ಗಂಡಹೆಂಡಿರೇ ತಿಂದರಂತೆ. ತಪ್ಪು ನಿಜಕ್ಕೂ ಯಾರದಿತ್ತೋ, ಶಿವನೇ ಬಲ್ಲ. ಆದರೆ ಯಾವ ಗಂಡಸು ನಾಲ್ಕು ಜನರ ಮುಂದೆ ಹಾಗೆ ಅಂದಾನು? ಊರವರು ಅವರಿಗೆ 'ಕರಿ ಹೋರಿ' ಎಂದೇ ಹೆಸರಿಟ್ಟರು. ಯಾರಾದರೂ ಹಾಗೆ ಕೂಗಿದರೆ, ಒಂದು ಗುಟುರು ಹಾಕಿ ಮುಂದೆ ನಡೆಯುತ್ತಿದ್ದರು. ಅದನ್ನು ನಾನೇ ಕೇಳಿದ್ದೇನೆ!

ಆಮೇಲೆ ಈ ಮನೆಗೆ ದತ್ತು ಬಂದವರು ನಿಮ್ಮ ಅಜ್ಜ. ಅವರ ಕೈಹಿಡಿದು ಬಂದವಳು ನಾನು.

ಮಾವನವರು ತೀರಿಹೋದ ದಿನ, ನಮ್ಮ ಪದ್ಧತಿಯಂತೆ ಅವರನ್ನು ಪಡಸಾಲೆಯಲ್ಲಿ ಕೂಡಿಸಿ ವಿಭೂತಿ ಹಚ್ಚಿದ್ದರು. ಅತ್ತೆಯವರು ಅಳಲಿಲ್ಲ. ಎದ್ದು ಒಳಗೆ ಹೋದರು, ಹರವಿಯ ಮೈ ಸವರಿದರು. ಆ ತೇವದ ಅಂಗೈಯಿಂದಲೇ ಬಂದು, ಎಲ್ಲರೂ ನೋಡುತ್ತಿರುವಾಗ, ಅವರ ಮೀಸೆ ತಿದ್ದಿದರು.