ನಕ್ಕವಳ ಮಗನಿಗೆ ಹೆಸರಿಟ್ಟದ್ದು

ನಗಬಾರದ ಕಡೆಯಲ್ಲೇ ನಗು ಉಕ್ಕುವುದು ನಮ್ಮ ಮನೆ ಹೆಂಗಸರಿಗೆ ಅಂಟಿದ ಜಾಡ್ಯ. ಸಾವಿನ ಮನೆಯನ್ನೂ ಬಿಟ್ಟವರಲ್ಲ ನಾವು. ಆ ನಗುವಿಗೆ ಒಂದು ಹೆಸರು ಸಿಕ್ಕಿದ್ದು ಮಾತ್ರ ಹೋದ ವರ್ಷ.

ಆಸ್ಪತ್ರೆಯಲ್ಲಿ

ನನ್ನ ವಾರಗಿತ್ತಿಗೆ ನಲವತ್ಮೂರು. ನಾನು ಅಕ್ಕ ಅಂತಲೇ ಕರೆಯುವುದು. ಮದುವೆಯಾಗಿ ಹತ್ತೊಂಬತ್ತು ವರ್ಷ, ಮಕ್ಕಳಿಲ್ಲ. ಅವಳ ಹರಕೆ ಕೇಳಿ ಕೇಳಿ ದೇವರಿಗೇ ಬೇಜಾರಾಗಿತ್ತು. ಮೂರು ತಿಂಗಳಿಂದ ಮುಟ್ಟಾಗಿಲ್ಲ ಅಂದಾಗ, ವಯಸ್ಸಾಯಿತಲ್ಲ, ನಿಂತಿರಬೇಕು ಅಂದುಕೊಂಡು ಇಬ್ಬರೂ ಆನವಟ್ಟಿಯಲ್ಲಿ ಶಿಕಾರಿಪುರದ ಬಸ್ಸು ಹತ್ತಿದೆವು. ನರ್ಸಮ್ಮ ಪರೀಕ್ಷೆ ಮಾಡಿ, "ನೀವು ಬಸುರಿ ಕಣ್ರೀ" ಅಂದರು. ಅಕ್ಕ ಗೊಳ್ಳೆಂದು ನಕ್ಕಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ನರ್ಸಮ್ಮ ಕ್ರಿಶ್ಚಿಯನ್ನರು. "ನಮ್ಮ ಬೈಬಲ್ಲಲ್ಲೂ ಸಾರಾ ಅಂತ ಒಬ್ಬಾಕೆ ಹೀಗೇ ನಕ್ಕಿದ್ದಳು. ತೊಂಬತ್ತಕ್ಕೆ ಮಗು ಆಗುತ್ತೆ ಅಂತ ದೇವರು ಹೇಳಿದ್ದನ್ನ ಗುಡಾರದ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು. ಹುಟ್ಟಿದವನಿಗೆ ಇಸಾಕ ಅಂತ ಹೆಸರು. ಹೀಬ್ರೂ ಮಾತಲ್ಲಿ 'ನಗ್ತಾನೆ' ಅಂತ ಅರ್ಥ."

"ದೇವರಿಗೆ ಸಿಟ್ಟು ಬರ್ಲಿಲ್ವಾ?" ಅಕ್ಕ ಕೇಳಿದಳು.

"ಯಾಕೆ ನಕ್ಕಳು ಅಂತ ಕೇಳಿದ. 'ನಾನೆಲ್ಲಿ ನಕ್ಕೆ?' ಅಂದುಬಿಟ್ಟಳು."

"ಥೇಟ್ ನಮ್ಮಕ್ಕನೇ" ಅಂದೆ ನಾನು. "ಇವಳು ಇಡೀ ಆಸ್ಪತ್ರೆಗೆ ಕೇಳೋ ಹಾಗೆ ನಕ್ಕಳು."

"ನಾನೆಲ್ಲಿ ನಕ್ಕೆ?" ಅಂದಳು ಅಕ್ಕ.

ಗ್ಯಾಸು

ಮನೆಗೆ ಬಂದ ಮೇಲೆ ನಗು ನಿಂತಿತು. "ಊರವರು ಆಡಿಕೊಳ್ತಾರೆ ಕಣೇ. ನನ್ನ ಓರಗೆಯವರು ಮಗಳ ಬಾಣಂತನ ಮಾಡ್ತಿದಾರೆ. ನಾನು ಈಗ ಮಾಡಿಸಿಕೊಳ್ಳೋದಾ?" ಅಂತ ಅಕ್ಕ ಹೊಸ್ತಿಲು ದಾಟುವುದನ್ನೇ ಬಿಟ್ಟಳು. ಹೊಟ್ಟೆ ಯಾಕೆ ಉಬ್ಬಿದೆ ಅಂತ ಯಾರಾದರೂ ಕೇಳಿದರೆ ಗ್ಯಾಸು ಅನ್ನಬೇಕು ಎಂದು ಎಲ್ಲರಿಗೂ ಕಟ್ಟಪ್ಪಣೆ. ಪಕ್ಕದ ಮನೆ ಚಿಕ್ಕಮ್ಮ ಅಯ್ಯೋ ಪಾಪ ಅಂತ ದಿನಾ ಓಮದ ಕಷಾಯ ತಂದರು. ಇವಳು ದಿನಾ ಮುಖ ಕಿವುಚಿಕೊಂಡು ಕುಡಿದಳು. ಆರನೇ ತಿಂಗಳಲ್ಲಿ ಒಂದು ದಿನ ಚಿಕ್ಕಮ್ಮ, "ಎಲ್ಲಿ ನೋಡಾನ" ಅಂತ ಹೊಟ್ಟೆ ಮೇಲೆ ಕೈ ಇಟ್ಟವರು ಬೆಚ್ಚಿ ಹಿಂದೆ ಸರಿದರು.

"ಏನೇ ಇದು, ಗ್ಯಾಸು ಒದೀತದೆ!"

"ಹೌದು ಚಿಕ್ಕಮ್ಮ, ಇನ್ನು ಮೂರು ತಿಂಗಳಿಗೆ ಅಳ್ತದೆ ಕೂಡ" ಅಂದೆ.

ಹೆಸರಿನ ಜಗಳ

ಗಂಡು ಹುಟ್ಟಿತು. ಮಾವನಿಗೆ ಅವರಪ್ಪನ ಹೆಸರೇ ಆಗಬೇಕು. ಅಕ್ಕ ಮಾತ್ರ, "ನನಗೆ ಆ ನರ್ಸಮ್ಮ ಹೇಳಿದ ನಗೋ ಹೆಸರೇ ಬೇಕು" ಅಂತ ಹಟ ಹಿಡಿದಳು.

"ಇಸಾಕ ಅಂತಿಟ್ಟರೆ ಅಯ್ನೋರಿಗೆ ಏನಂತ ಹೇಳ್ಲಿ?" ಅತ್ತೆ ತಲೆ ಮೇಲೆ ಕೈ ಹೊತ್ತರು.

"ಹೆಸರು ಬೇಡ, ಅರ್ಥ ತಗೊಳ್ಳೋಣ" ಅಂದೆ ನಾನು. "ಸುಹಾಸ ಅಂದ್ರೆ ಚೆಂದದ ನಗು. ಆ ಸಾರಾ ನಕ್ಕಿದ್ದೇ ಮಗನ ಹೆಸರಾಯ್ತಂತೆ. ನಮ್ಮಜ್ಜಿನೂ ಹಾಗೇ. ಐದನೇದೂ ಹೆಣ್ಣಾದಾಗ, ದೇವರೇ ಇನ್ನು ಸಾಕು ಅಂತ ಸಾಕವ್ವ ಅಂತಿಟ್ಟಳು."

ಅತ್ತೆ ಸ್ವಲ್ಪ ಮೆತ್ತಗಾದರು. "ಫಲ ಕೊಡ್ತಾ?"

"ಆಮೇಲೆ ಇನ್ನೂ ಎರಡು ಹೆಣ್ಣು ಹುಟ್ಟಿದ್ವು."

ತೊಟ್ಟಿಲ ದಿನ

ನಾದಿನಿ ಮಗುವಿನ ಕಿವಿಯಲ್ಲಿ ಕುರ್ರ್ ಅಂದು ಸುಹಾಸ ಅಂತಲೇ ಹೆಸರು ಉಸುರಿದಳು. ಪದ್ಧತಿಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದರು. ಕೆಲವರು ಹಳೇ ಸಿಟ್ಟನ್ನೂ ಸೇರಿಸಿ ಗುದ್ದಿದರು. ಅಕ್ಕ ಸೆರಗು ಮುಖಕ್ಕೆಳೆದುಕೊಂಡು ಮೂಲೆಯಲ್ಲಿದ್ದಳು. ಅಷ್ಟರಲ್ಲಿ ಶಿರಾಳಕೊಪ್ಪದಿಂದ ಬಂದಿದ್ದ ನೆಂಟರಮ್ಮ ಒಬ್ಬರು, "ಶಾಲೆಗೆ ಬಿಡಕ್ಕೆ ಹೋದ್ರೆ ಮೇಷ್ಟ್ರು ನಿನ್ನ ಅಜ್ಜಿ ಅಂದ್ಕೋತಾರಲ್ಲವ್ವಾ!" ಅಂದರು. ನನ್ನ ನಾಲಗೆ ತುದಿಗೆ ಉತ್ತರ ಬಂದಿತ್ತು. ಆದರೆ ಅಕ್ಕನೇ ಸೆರಗು ಸರಿಸಿದಳು.

"ನನ್ನದೇನು ವಯಸ್ಸು ಬಿಡ್ರೀ. ಬೈಬಲ್ಲಿನ ಸಾರಾಗೆ ತೊಂಬತ್ತು!" ಎಂದು ಶುರುಮಾಡಿ, ಗುಡಾರದಿಂದ ಹಿಡಿದು ಹೆಸರಿನ ಅರ್ಥದವರೆಗೆ ಪೂರ್ತಿ ಹೇಳಿದಳು. "ಆಕೆನೂ ಹೇಳಿದ್ಲಂತೆ, ಕೇಳಿದವರೆಲ್ಲ ನನ್ನ ಜೊತೆ ನಗ್ತಾರೆ ಅಂತ. ನೀವೂ ನಗ್ರೀ. ನಗಲಿ ಅಂತಲೇ ಹೆಸರಿಟ್ಟಿರೋದು." ಅಂದವಳೇ ತಾನೇ ಮೊದಲು ನಕ್ಕಳು, ಆಸ್ಪತ್ರೆಗಿಂತ ಜೋರಾಗಿ. ನೆಂಟರಮ್ಮನೂ ನಕ್ಕರು.

"ತೊಂಬತ್ತಾ! ಗಂಡನಿಗೆ ಎಷ್ಟಿತ್ತಂತೆ?" ಯಾರೋ ಕೇಳಿದರು.

"ನೂರು" ಅಂದಳು ಅಕ್ಕ.

ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಮಾವನಿಗೆ ಎಪ್ಪತ್ತಾರು. ಊಟಕ್ಕೆ ಕರೆದರೂ ಮೂರು ಸಲ ಕೂಗಬೇಕು. ಇದು ಮಾತ್ರ ಒಂದೇ ಸಲಕ್ಕೆ ಕೇಳಿಸಿತು. ನೆಟ್ಟಗೆ ಕೂತರು, ಮೆಲ್ಲಗೆ ಮೀಸೆ ತೀಡಿಕೊಂಡರು, ಅತ್ತೆಯ ಕಡೆ ನೋಡಿದರು.

ಅತ್ತೆ ಕುಂಕುಮದ ಬಟ್ಟಲು ಕೆಳಗಿಟ್ಟರು.

"ನೀವು ಎದ್ದು ಹೋಗಿ ಎಮ್ಮೆಗೆ ಹುಲ್ಲು ಹಾಕ್ರೀ!"